ಹಾರ್ವಿ ಪೆನಿಕ್: ಅಳೆದು ತೂಗಿ ಮಾತಾಡಿದ ಗಾಲ್ಫ್ ಮೇಷ್ಟ್ರ ನೆನಪು

ಮುಂಜಾನೆ_ಫೇರ್‌ವೇ

ಸ್ನೇಹಿತರೇ, ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಗಾಲ್ಫ್ ಹೇಳಿಕೊಡುತ್ತಿದ್ದೇನೆ. ಕಳೆದ ವಾರ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಅರ್ಧ ಗಂಟೆಯಲ್ಲಿ ಆರು ತಪ್ಪು ತೋರಿಸಿದೆ. ಗ್ರಿಪ್ (ಕೋಲು ಹಿಡಿಯುವ ರೀತಿ), ನಿಲುವು, ಬಲ ಮೊಣಕೈ, ತಲೆ, ಸೊಂಟ, ಕೊನೆಗೆ ಹಿಮ್ಮಡಿ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಬರುವಾಗ ಚೆನ್ನಾಗಿಯೇ ಹೊಡೆಯುತ್ತಿದ್ದ ಮಗು ಪಾಠ ಮುಗಿಯುವ ಹೊತ್ತಿಗೆ ಚೆಂಡಿನ ಮುಂದೆ ಕಲ್ಲಾಗಿ ನಿಂತುಬಿಟ್ಟಿತ್ತು. ಏನೂ ಹೇಳದೆ ಬ್ಯಾಗ್ ಎತ್ತಿಕೊಂಡು ಹೋದಳು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮತ್ತೆ ಮತ್ತೆ ನೆನಪಾಗಿದ್ದು ಹಾರ್ವಿ ಪೆನಿಕ್. ಅವರ ಬಗ್ಗೆ ನಾವು ಇಲ್ಲಿ ಒಮ್ಮೆಯೂ ಮನಸ್ಸು ಬಿಚ್ಚಿ ಮಾತಾಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೆನಿಕ್ ಹುಟ್ಟಿದ್ದು 1904ರ ಅಕ್ಟೋಬರ್ 23ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ. ತೀರಿಕೊಂಡದ್ದೂ ಅದೇ ಊರಿನಲ್ಲಿ, 1995ರ ಏಪ್ರಿಲ್ 2ರಂದು. ತೊಂಬತ್ತು ವರ್ಷದ ಬದುಕು ಹೆಚ್ಚುಕಡಿಮೆ ಒಂದೇ ಕ್ಲಬ್ಬಿನ ಸುತ್ತ ಸುತ್ತಿತು. ಎಂಟನೇ ವಯಸ್ಸಿಗೆ ಆಸ್ಟಿನ್ ಕಂಟ್ರಿ ಕ್ಲಬ್‌ನಲ್ಲಿ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊರಲು ಶುರು ಮಾಡಿದರು. 1923ರಲ್ಲಿ, ವಯಸ್ಸು ಇಪ್ಪತ್ತು ತುಂಬುವ ಮೊದಲೇ, ಅಲ್ಲಿನ ಹೆಡ್ ಪ್ರೊ, ಅಂದರೆ ಮುಖ್ಯ ವೃತ್ತಿಪರ ಶಿಕ್ಷಕ, ಆದರು. 1971ರಲ್ಲಿ ಆ ಜವಾಬ್ದಾರಿಯನ್ನು ಮಗ ಟಿನ್ಸ್ಲಿಗೆ ವಹಿಸಿಕೊಟ್ಟರು, ಕಲಿಸುವುದನ್ನು ಮಾತ್ರ ಬಿಡಲಿಲ್ಲ. ಈ ನಡುವೆ ಕ್ಲಬ್ಬೇ 1950ರಲ್ಲಿ ಒಮ್ಮೆ, 1984ರಲ್ಲಿ ಇನ್ನೊಮ್ಮೆ ಜಾಗ ಬದಲಿಸಿತು. ಅವರೂ ಜೊತೆಗೇ ಹೋದರು. 1931ರಿಂದ 1963ರವರೆಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಗಾಲ್ಫ್ ತಂಡಕ್ಕೂ ಅವರೇ ಕೋಚ್. ಆ 33 ವರ್ಷಗಳಲ್ಲಿ ತಂಡ ಸುಮಾರು 20 ಸಲ ಸೌತ್‌ವೆಸ್ಟ್ ಕಾನ್ಫರೆನ್ಸ್ (ಆ ಭಾಗದ ಕಾಲೇಜುಗಳ ಕೂಟ) ಪ್ರಶಸ್ತಿ ಗೆದ್ದಿತು.

ಇಷ್ಟು ಅಂಕಿಗಳಿಂದ ಆ ಮನುಷ್ಯ ಕಣ್ಣಿಗೆ ಕಾಣುವುದಿಲ್ಲ. ಅವರನ್ನು ಕಾಣಿಸುವುದು ಒಂದು ಹೋಲಿಕೆ: ಒಂದು ಆಸ್ಪಿರಿನ್ ತಗೊಳ್ಳಿ ಎಂದರೆ ಇಡೀ ಬಾಟಲಿ ನುಂಗಬೇಡಿ ಎನ್ನುತ್ತಿದ್ದರು. ಗ್ರಿಪ್ ಒಂದು ಕೂದಲಷ್ಟು ತಿರುಗಿಸು ಅಂದರೆ ಶಿಷ್ಯ ಒಂದು ಬೆರಳಷ್ಟು ತಿರುಗಿಸುತ್ತಾನೆ. ಅದು ಮೇಷ್ಟ್ರಿಗೆ ಗೊತ್ತಿರಬೇಕು. ಹಾಗಾಗಿ ಬಾಯಿ ತೆರೆಯುವ ಮೊದಲು ಅವರು ತುಂಬ ಹೊತ್ತು ಸುಮ್ಮನೆ ನೋಡುತ್ತಿದ್ದರು. ನಾನು ಆ ಮಗುವಿಗೆ ಆರು ಬಾಟಲಿ ಕುಡಿಸಿದ್ದೆ.

ಅವರ ಬಗ್ಗೆ ನಿಮಗೆ ಗೊತ್ತಿರುವುದನ್ನು ದಯವಿಟ್ಟು ಬರೆಯಿರಿ.

ಏಳನೇ_ಐರನ್

ಒಳ್ಳೆ ಕೆಲಸ ಮಾಡಿದಿರಿ ಸರ್. ನಾನು ಆಟ ಕಲಿತದ್ದೇ ಪೆನಿಕ್ ಅವರ ಕೆಂಪು ನೋಟ್‌ಬುಕ್ಕಿನಿಂದ, ಅಂದರೆ ಅದರಿಂದ ಹುಟ್ಟಿದ ಪುಸ್ತಕದಿಂದ. ಅದರ ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.

ಸುಮಾರು ಅರವತ್ತು ವರ್ಷ ಅವರು ಒಂದು ಚಿಕ್ಕ ಕೆಂಪು ನೋಟ್‌ಬುಕ್‌ನಲ್ಲಿ ಟಿಪ್ಪಣಿ ಬರೆದುಕೊಂಡರು. ಯಾವ ಶಿಷ್ಯನಿಗೆ ಯಾವ ಮಾತು ನಾಟಿತು, ಯಾವುದು ನಾಟಲಿಲ್ಲ, ಎಲ್ಲ. ಅದನ್ನು ಬೀಗ ಹಾಕಿದ ಬ್ರೀಫ್‌ಕೇಸಿನಲ್ಲಿ ಇಡುತ್ತಿದ್ದರು. ಮಗ ಟಿನ್ಸ್ಲಿ ಒಬ್ಬರನ್ನು ಬಿಟ್ಟರೆ ಯಾರೂ ಅದನ್ನು ಓದಿರಲಿಲ್ಲ. ಕೊನೆಗೆ ಬಡ್ ಶ್ರೇಕ್ ಎಂಬ ಆಸ್ಟಿನ್‌ನ ಬರಹಗಾರರ ಕೈಗೆ ಕೊಟ್ಟು, ಇದನ್ನು ಪುಸ್ತಕ ಮಾಡಬಹುದಾ ನೋಡಿ ಎಂದರು. 1992ರಲ್ಲಿ ಅದು ಹೊರಬಂದಾಗ ಅವರಿಗೆ 87 ವರ್ಷ. ಕ್ರೀಡೆಯ ಬಗೆಗಿನ ಪುಸ್ತಕಗಳಲ್ಲಿ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಸೇರಿತು.

ಪ್ರಕಾಶಕರು ಇಷ್ಟು ಹಣಕ್ಕೆ ಒಪ್ಪಿದ್ದಾರೆ ಎಂದು ಶ್ರೇಕ್ ಮನೆಗೆ ಸುದ್ದಿ ಮುಟ್ಟಿಸಿದರಂತೆ. ಪೆನಿಕ್ ರಾತ್ರಿಯೆಲ್ಲ ಯೋಚನೆ ಮಾಡಿ, ಅಷ್ಟು ದುಡ್ಡು ಹೊಂದಿಸುವುದು ನನ್ನಿಂದ ಆಗುವುದಿಲ್ಲ ಎಂದರು. ಪುಸ್ತಕ ಅಚ್ಚಾಗಬೇಕಾದರೆ ತಾವೇ ಹಣ ಕಟ್ಟಬೇಕು ಅಂದುಕೊಂಡಿದ್ದರು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಅರವತ್ತು ವರ್ಷ ಕೂಡಿಟ್ಟ ತಿಳಿವಳಿಕೆಗೆ ಬೆಲೆ ಬರಬಹುದು ಎಂಬ ಯೋಚನೆಯೇ ಆ ಮನುಷ್ಯನ ತಲೆಗೆ ಬಂದಿರಲಿಲ್ಲ.

ಗಣಿತದ_ಮೇಷ್ಟ್ರು

ನಾನು ಗಾಲ್ಫ್ ಆಡಿದವನಲ್ಲ. ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದೆ. ಮಗನ ದೆಸೆಯಿಂದ ಇಲ್ಲಿ ಓದುತ್ತಿರುತ್ತೇನೆ. ಆಸ್ಪಿರಿನ್ ಮಾತು ಓದಿ ನನ್ನ ತರಗತಿಗಳೆಲ್ಲ ಕಣ್ಣ ಮುಂದೆ ಬಂದವು. ಒಬ್ಬ ಹುಡುಗ ಲೆಕ್ಕ ತಪ್ಪು ಮಾಡಿದಾಗ ಅವನ ಹಾಳೆಯಲ್ಲಿರುವ ಎಲ್ಲ ತಪ್ಪಿಗೂ ಕೆಂಪು ಗೀಟು ಹಾಕುವುದು ಸುಲಭ. ಯಾವ ಒಂದು ತಪ್ಪು ತಿದ್ದಿದರೆ ಉಳಿದ ನಾಲ್ಕು ತಾವಾಗಿಯೇ ಉದುರುತ್ತವೆ ಎಂದು ಹುಡುಕುವುದೇ ಕಷ್ಟದ ಕೆಲಸ.

ನನಗೊಂದು ಅನುಮಾನ. ಇಷ್ಟು ದೊಡ್ಡ ಮೇಷ್ಟ್ರು ತಾವೇ ಯಾಕೆ ದೊಡ್ಡ ಆಟಗಾರರಾಗಲಿಲ್ಲ? ಮತ್ತೆ, ಗಾಲ್ಫ್‌ನಲ್ಲಿ ಪಾಠ ಎಲ್ಲಿಂದ ಶುರುವಾಗುತ್ತದೆ? ನಮ್ಮಲ್ಲಿ ಅಂಕಿ ಕಲಿಸಿ ಆಮೇಲೆ ಕೂಡುವುದು, ಕಳೆಯುವುದು. ಅಲ್ಲಿ ಹೇಗೆ?

ಏಳನೇ_ಐರನ್

ಮೇಷ್ಟ್ರೇ, ಎರಡೂ ಒಳ್ಳೆಯ ಪ್ರಶ್ನೆ.

ಪೆನಿಕ್ ಆಟಗಾರರಾಗಿ ಪ್ರಯತ್ನ ಮಾಡಿದವರೇ. ಹ್ಯೂಸ್ಟನ್‌ನ ಒಂದು ಟೂರ್ನಮೆಂಟ್‌ನಲ್ಲಿ ಸ್ಯಾಮ್ ಸ್ನೀಡ್ ಎಂಬ ಹೊಸ ಹುಡುಗ ಚೆಂಡು ಹೊಡೆಯುವುದನ್ನು ಕಂಡರು. ಆ ಹೊಡೆತದ ಸದ್ದು ಕಿವಿಗೆ ಬಿದ್ದಾಗಲೇ, ಆಟ ಎಂದರೆ ಇದಾದರೆ ನನ್ನ ಜಾಗ ಕಲಿಸುವುದರಲ್ಲಿದೆ ಎಂದು ತೀರ್ಮಾನ ಮಾಡಿಬಿಟ್ಟರು. ಸ್ನೀಡ್ ಮುಂದೆ ಅಮೆರಿಕದ ಪುರುಷರ ವೃತ್ತಿಪರ ಸರಣಿ ಪಿಜಿಎ ಟೂರ್‌ನಲ್ಲಿ 82 ಟೂರ್ನಮೆಂಟ್ ಗೆದ್ದರು, ಅಂದರೆ ಪೆನಿಕ್ ಕಿವಿ ಮೋಸಹೋಗಿರಲಿಲ್ಲ. ಹೀಗೆ ತನ್ನ ಅಳತೆಯನ್ನು ತಾನೇ ಸರಿಯಾಗಿ ತೆಗೆದುಕೊಂಡವರು ನನಗೆ ಗೊತ್ತಿರುವವರಲ್ಲಿ ಕಡಿಮೆ.

ಎರಡನೆಯದು. ಬಹಳ ಕಡೆ ಹೊಸಬರ ಕೈಗೆ ದೊಡ್ಡ ಕ್ಲಬ್ (ಚೆಂಡು ಹೊಡೆಯುವ ಕೋಲು) ಕೊಟ್ಟು ದೂರ ಹೊಡೆಸುತ್ತಾರೆ. ಪೆನಿಕ್ ದಾರಿ ತಿರುವುಮುರುವು: ಮಕ್ಕಳು ಕುಳಿಯ ಪಕ್ಕದಿಂದ ಶುರು ಮಾಡಬೇಕು. ಮೊದಲು ಚಿಕ್ಕ ಪಟ್ (ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವುದು), ಆಮೇಲೆ ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಅಂಚಿನಿಂದ ಚಿಪ್ (ಚೆಂಡನ್ನು ತುಸು ಎತ್ತಿ ಹಾಕುವ ಸಣ್ಣ ಹೊಡೆತ), ಆಮೇಲೆ ಸ್ವಲ್ಪ ದೂರ, ಹಾಗೇ ಹಿಂದೆ ಹಿಂದೆ ಸರಿಯುತ್ತ ಮೊದಲ ಹೊಡೆತದ ಜಾಗವಾದ ಟೀ ತನಕ. ಚೆಂಡು ಕುಳಿಗೆ ಬೀಳುವ ಸದ್ದನ್ನು ಮಗು ಮೊದಲ ದಿನವೇ ಕೇಳುತ್ತದೆ. ಲೆಕ್ಕದಲ್ಲಿ ಉತ್ತರ ಮೊದಲು ತೋರಿಸಿ, ಇಲ್ಲಿಗೆ ಬರುವುದು ಹೇಗೆ ಎಂದು ಕೇಳಿದ ಹಾಗೆ ಇದು.

ಅಭ್ಯಾಸದಲ್ಲೂ ಅಷ್ಟೆ. ಚಿಪ್ ಮಾಡುವಾಗ ಬುಟ್ಟಿ ತುಂಬ ಚೆಂಡು ಸುರಿದುಕೊಳ್ಳಬೇಡಿ, ಒಂದೇ ಚೆಂಡು ಇರಲಿ, ಚಿಪ್ ಮಾಡಿ, ಹೋಗಿ ಅದನ್ನೇ ಪಟ್ ಮಾಡಿ ಮುಗಿಸಿ ಎನ್ನುತ್ತಿದ್ದರು. ನಾನು ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಒಂದೇ ಚೆಂಡು ಇದ್ದರೆ ಪ್ರತಿ ಹೊಡೆತಕ್ಕೂ ಹೊಣೆ ಹೊರಬೇಕಾಗುತ್ತದೆ, ಆಟದಲ್ಲಿ ಇರುವ ಹಾಗೆ.

ಹಳೆ_ಕ್ಯಾಡಿ

ಅವರು ಕ್ಯಾಡಿಯಾಗಿದ್ದರು ಅನ್ನೋ ಸಾಲನ್ನು ನೀವೆಲ್ಲ ಬೇಗ ದಾಟಿಬಿಟ್ಟಿರಿ. ನಾನು ಒಂಬತ್ತು ವರ್ಷ ಬ್ಯಾಗ್ ಹೊತ್ತವನು, ಅದಕ್ಕೇ ಹೇಳ್ತೀನಿ. ಕ್ಯಾಡಿ ಹುಡುಗನಿಗೆ ಮಾತಾಡೋ ಅಧಿಕಾರ ಇರಲ್ಲ. ನೋಡಬೇಕು ಅಷ್ಟೆ. ದಿನಕ್ಕೆ ನಾಲ್ಕು ಜನರ ಹೊಡೆತ, ಹದಿನೆಂಟು ಹೋಲ್ (ಕುಳಿ), ಎಲ್ಲಾ ನೋಡಬೇಕು. ಯಾರು ಸಿಟ್ಟು ಬಂದಾಗ ಬಲಕ್ಕೆ ಹೊಡೀತಾರೆ, ಯಾರು ಪಟ್ ಮುಂಚೆ ಉಸಿರು ಬಿಗಿ ಹಿಡೀತಾರೆ, ಎಲ್ಲಾ ಗೊತ್ತಾಗ್ತದೆ. ಕೇಳಿದರೆ ಒಂದೇ ಮಾತು ಹೇಳಬೇಕು, ಅದೂ ಆಟಗಾರನ ಮನಸ್ಸು ಕೆಡದ ಹಾಗೆ. "ನೀರಿಗೆ ಹೊಡೀಬೇಡಿ ಸಾರ್" ಅಂದ್ರೆ ಚೆಂಡು ನೀರಿಗೇ ಹೋಗ್ತದೆ. "ಆ ಮರದ ಎಡಗಡೆ ಸಾರ್" ಅನ್ನಬೇಕು.

ಪೆನಿಕ್ ಕೂಡ "ಬೇಡ", "ಮಾಡಬಾರದು" ಅನ್ನೋ ಮಾತು ಆದಷ್ಟು ದೂರ ಇಡ್ತಿದ್ದರು, ಏನು ಮಾಡಬೇಕು ಅನ್ನೋದನ್ನೇ ಹೇಳ್ತಿದ್ದರು. ಅದು ಎಂಟನೇ ವಯಸ್ಸಿನಲ್ಲಿ ಬ್ಯಾಗ್ ಹೊತ್ತಾಗ ಕಲಿತದ್ದು ಅಂತ ನನ್ನ ನಂಬಿಕೆ.

ಬಂಕರ್_ಬದಿ

ಎಲ್ಲರಿಗೂ ನಮಸ್ಕಾರ. ನಾನು ಸ್ವಲ್ಪ ಬೇರೆ ದನಿ ಎತ್ತುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೆನಿಕ್ ಒಳ್ಳೆಯ ಮನುಷ್ಯ, ಒಪ್ಪಿದೆ. ಆದರೆ ಅವರ ಹೆಸರು ಇಷ್ಟು ದೊಡ್ಡದಾಗಿದ್ದಕ್ಕೆ ಅವರ ಇಬ್ಬರು ಪ್ರಸಿದ್ಧ ಶಿಷ್ಯರು, ಟಾಮ್ ಕೈಟ್ ಮತ್ತು ಬೆನ್ ಕ್ರೆನ್‌ಶಾ, ಕಾರಣ. ಅಂಥ ಪ್ರತಿಭೆ ಇಬ್ಬರು ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಸಿಕ್ಕರೆ ಯಾವ ಕೋಚ್ ಆದರೂ ದೊಡ್ಡವನಾಗಿ ಕಾಣುತ್ತಾನೆ. 1972ರಲ್ಲಿ ಕಾಲೇಜು ಮಟ್ಟದ ರಾಷ್ಟ್ರೀಯ ಪ್ರಶಸ್ತಿಯನ್ನು ಈ ಇಬ್ಬರೇ ಹಂಚಿಕೊಂಡರು. ಇಂದು ಹೊಡೆತದ ವೇಗ, ದಿಕ್ಕು ಅಳೆಯುವ ಲಾಂಚ್ ಮಾನಿಟರ್ ಇದೆ, ಸೆಕೆಂಡಿಗೆ ಸಾವಿರಾರು ಫ್ರೇಮ್ ಹಿಡಿಯುವ ಕ್ಯಾಮೆರಾ ಇದೆ. ಕ್ಲಬ್ಬಿನ ಮುಖ ಎಷ್ಟು ಡಿಗ್ರಿ ತೆರೆದಿದೆ ಎಂದು ಅಳೆದು ಹೇಳಬಹುದಾದಾಗ ಬಕೆಟ್, ಕಳೆ ಕತ್ತರಿಸುವ ಕತ್ತಿ ಇವೆಲ್ಲ ಯಾಕೆ ಬೇಕು? ಸುಮ್ಮನೆ ಕೇಳುತ್ತಿಲ್ಲ, ನನಗೆ ನಿಜವಾಗಿ ತಿಳಿಯಬೇಕು.

ಹೊಸ_ಆಟಗಾರ್ತಿ

ಬಕೆಟ್, ಕತ್ತಿ ಅಂದರೇನು? ನಾನು ಆಟ ಶುರು ಮಾಡಿ ಮೂರೇ ತಿಂಗಳು. ಯಾರಾದರೂ ಬಿಡಿಸಿ ಹೇಳ್ತೀರಾ?

ಏಳನೇ_ಐರನ್

ಖಂಡಿತ. ನೀರು ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗುತ್ತೀರಿ ಅಂದುಕೊಳ್ಳಿ. ಭಾರ ಇರುವುದರಿಂದ ಕೈಯೊಂದರಿಂದಲೇ ಎಳೆಯಲು ಆಗುವುದಿಲ್ಲ, ಮೈಯೂ ತಿರುಗಬೇಕು. ಗಡಿಬಿಡಿ ಮಾಡಿದರೆ ನೀರು ಚೆಲ್ಲುತ್ತದೆ. ಮೈಭಾರ ಬಲಗಾಲಿಗೆ, ಅಲ್ಲಿಂದ ಎಡಗಾಲಿಗೆ ತಾನಾಗಿ ಹೋಗುತ್ತದೆ. "ವೆಯ್ಟ್ ಶಿಫ್ಟ್ ಮಾಡಿ" ಎಂದು ಹತ್ತು ಸಲ ಹೇಳುವ ಬದಲು ಬಕೆಟ್ ನೆನಪಿಸಿದರೆ ಸಾಕು.

ಕತ್ತಿಯದೂ ಹಾಗೇ. ಉದ್ದ ಹಿಡಿಯ, ತುದಿಗೆ ಅಲಗಿರುವ ಹುಲ್ಲು ಕತ್ತರಿಸುವ ಸಾಧನ, ನಿಂತುಕೊಂಡೇ ಬೀಸುವುದು. ಅದನ್ನು ಬೀಸುವವರಿಗೆ ಯಾರೂ ಸ್ವಿಂಗ್ ಹೇಳಿಕೊಡಬೇಕಾಗಿಲ್ಲ. ಹುಲ್ಲನ್ನು ಮೇಲಕ್ಕೆತ್ತಲು ಯಾರೂ ಹೋಗುವುದಿಲ್ಲ, ಸವರಿಕೊಂಡು ಹೋಗುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೀ ಅಭ್ಯಾಸ. ನೆಲಕ್ಕೆ ಒಂದು ಟೀ (ಚೆಂಡು ಕೂರಿಸುವ ಪುಟ್ಟ ಕಡ್ಡಿ) ಚುಚ್ಚಿ, ಚೆಂಡು ಇಡದೆ, ಆ ಟೀಯನ್ನಷ್ಟೇ ಸವರಿ ಹಾರಿಸಿ. ಚೆಂಡು ಇಲ್ಲ ಅಂದಾಗ ಎದೆಯೊಳಗಿನ ಬಿಗಿತವೇ ಹೋಗುತ್ತದೆ. ಟೀ ಹಾರಿತು ಎಂದರೆ ಕ್ಲಬ್ಬಿನ ಮುಖ ಬೇಕಾದ ಕಡೆ ಬರುತ್ತಿದೆ ಎಂದೇ ಲೆಕ್ಕ.

ಬಂಕರ್_ಬದಿ ಅವರೇ, ನಿಮಗೆ ನನ್ನ ಉತ್ತರ ಇದು. ಯಂತ್ರ ಅಳೆದು ಕೊಟ್ಟ ನಾಲ್ಕು ಡಿಗ್ರಿ ನಿಜವೇ. ಆದರೆ ಹೊಡೆಯುವವನ ಮೈಗೆ ಡಿಗ್ರಿ ಅರ್ಥವಾಗುವುದಿಲ್ಲ, ಬಕೆಟ್ ಅರ್ಥವಾಗುತ್ತದೆ. ಯಂತ್ರ ರೋಗ ಹೇಳುತ್ತದೆ, ಎಷ್ಟು ಆಸ್ಪಿರಿನ್ ಕೊಡಬೇಕು ಎಂದು ಹೇಳುವುದಿಲ್ಲ.

ಕೆಂಪು_ಟೀ

ಬಂಕರ್_ಬದಿ ಅವರ ಮೊದಲ ಮಾತಿಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಪೆನಿಕ್ ಬಗ್ಗೆ ಮಾತು ಬಂದಾಗಲೆಲ್ಲ ಕೈಟ್, ಕ್ರೆನ್‌ಶಾ ಎಂದು ಎರಡೇ ಹೆಸರು ಕೇಳಿ ನನಗೆ ಸಾಕಾಗಿದೆ. ಆ ಇಬ್ಬರೂ ಇನ್ನೂ ತೊಟ್ಟಿಲಲ್ಲಿದ್ದಾಗಲೇ, ಅಷ್ಟೇಕೆ ಹುಟ್ಟುವ ಮೊದಲೇ, ಆ ಮೇಷ್ಟ್ರ ಬಳಿ ಕಲಿತ ಹೆಣ್ಣುಮಕ್ಕಳಿದ್ದರು.

ಬೆಟ್ಟಿ ಜೇಮ್ಸನ್. 1947ರ ಅಮೆರಿಕದ ಮಹಿಳಾ ಓಪನ್ ಅನ್ನು 295 ಹೊಡೆತಗಳಲ್ಲಿ ಗೆದ್ದವರು. 72 ಹೋಲ್‌ಗಳ ಮಹಿಳಾ ಟೂರ್ನಮೆಂಟ್‌ನಲ್ಲಿ 300ಕ್ಕಿಂತ ಕಡಿಮೆ ಹೊಡೆತ ಅಂದರೆ ಆಗ ಕಂಡರಿಯದ ಮಾತು. 1950ರಲ್ಲಿ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆ ಎಲ್‌ಪಿಜಿಎ ಕಟ್ಟಿದ ಹದಿಮೂರು ಜನರಲ್ಲಿ ಅವರೂ ಒಬ್ಬರು.

ಬೆಟ್ಸಿ ರಾಲ್ಸ್. ಆಟ ಶುರು ಮಾಡಿದ್ದೇ ಹದಿನೇಳರಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಹುಡುಗಿ. ಮೊದಲ ಪಾಠಕ್ಕೆ ಪೆನಿಕ್ ಹಣ ತಗೊಂಡರು. ಎರಡನೇ ಸಲ ಬೇಡವೆಂದರು: ಮೊನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತಿದ್ದೇನೆ, ಅದಕ್ಕೇಕೆ ದುಡ್ಡು ಅಂತ. ಆಮೇಲೆ ಎಂದೂ ತಗೊಳ್ಳಲಿಲ್ಲ. ಆ ಹುಡುಗಿ ಮುಂದೆ 1951, 1953, 1957, 1960 ಹೀಗೆ ನಾಲ್ಕು ಸಲ ಮಹಿಳಾ ಓಪನ್ ಗೆದ್ದರು. ಮಿಕ್ಕಿ ರೈಟ್ ಕೂಡ ಪೆನಿಕ್ ಬಳಿ ಸಲಹೆ ಪಡೆದವರು. ಎಲ್‌ಪಿಜಿಎಯಲ್ಲಿ 82 ಗೆಲುವು. ಸ್ಯಾಂಡ್ರಾ ಪಾಮರ್ 1975ರಲ್ಲಿ ಮಹಿಳಾ ಓಪನ್ ಗೆದ್ದರು.

ಇನ್ನು ಕ್ಯಾಥಿ ವಿಟ್‌ವರ್ತ್. ಇವರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನ್ಯೂ ಮೆಕ್ಸಿಕೋದ ಜಾಲ್ ಎಂಬ ಸಣ್ಣ ಊರಿನ ಹುಡುಗಿ. ಹದಿನೈದರಲ್ಲಿ ಕ್ಲಬ್ ಹಿಡಿದಳು. ಅಲ್ಲಿನ ಪ್ರೊ ಹಾರ್ಡಿ ಲೌಡರ್‌ಮಿಲ್ಕ್. ಸ್ವಲ್ಪ ದಿನ ಕಲಿಸಿದ ಮೇಲೆ, ಇವಳನ್ನು ಇದಕ್ಕಿಂತ ಮುಂದೆ ಕರೆದೊಯ್ಯುವುದು ನನ್ನಿಂದಾಗದು ಎಂದು ಅವರಿಗೇ ಅನಿಸಿತು. ಆಸ್ಟಿನ್‌ಗೆ, ಪೆನಿಕ್ ಬಳಿಗೆ ಕಳಿಸಿದರು. ತಾಯಿ ಮಗಳು ಕಾರಿನಲ್ಲಿ ನೂರಾರು ಮೈಲಿ ಹೋದರು. ಪಾಠ ನಡೆಯುವಾಗ ತಾಯಿ ಪಕ್ಕದಲ್ಲಿ ಕೂತು ಟಿಪ್ಪಣಿ ಬರೆದುಕೊಂಡರು. ಪೆನಿಕ್ ಮೊದಲು ಹಿಡಿದದ್ದು ಗ್ರಿಪ್ಪನ್ನು. ಚೆಂಡು ಎಲ್ಲಿ ಹೋಗುತ್ತದೆ ಎಂಬ ಚಿಂತೆ ಬಿಟ್ಟು ದಿನಗಟ್ಟಲೆ ಅದೇ ಕೆಲಸ. ಆಮೇಲೆ ಅವರೇ ಲೌಡರ್‌ಮಿಲ್ಕ್‌ಗೆ ಫೋನ್ ಮಾಡಿ, ಇಂತಿಂಥದ್ದು ಹೇಳಿಕೊಟ್ಟಿದ್ದೇನೆ, ಮುಂದೆ ನೀವು ನೋಡಿಕೊಳ್ಳಿ ಎಂದು ತಿಳಿಸುತ್ತಿದ್ದರು.

ಶಿಷ್ಯೆಯನ್ನು ಕಸಿದುಕೊಳ್ಳಲಿಲ್ಲ ನೋಡಿ. ಅವಳನ್ನು ಅವಳ ಮೇಷ್ಟ್ರಿಗೇ ಹಿಂದಕ್ಕೆ ಒಪ್ಪಿಸಿದರು. ವಿಟ್‌ವರ್ತ್ ಎಲ್‌ಪಿಜಿಎಯಲ್ಲಿ 88 ಟೂರ್ನಮೆಂಟ್ ಗೆದ್ದರು. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅಮೆರಿಕದ ಮುಖ್ಯ ಟೂರ್‌ಗಳಲ್ಲಿ ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ನೆನೆದದ್ದು ಆ ಇಬ್ಬರು ಮೇಷ್ಟ್ರನ್ನು.

ಬಂಕರ್_ಬದಿ

ಮೇಡಂ, ಲೌಡರ್‌ಮಿಲ್ಕ್ ಕಥೆ ನನಗೆ ಗೊತ್ತಿರಲಿಲ್ಲ. ಇಬ್ಬರು ಪ್ರತಿಭಾವಂತರ ಬಲದಿಂದ ಬಂದ ಹೆಸರು ಎಂದು ನಾನು ಬರೆದದ್ದು ತಪ್ಪು. ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಗಣಿತದ_ಮೇಷ್ಟ್ರು

ಕೆಂಪು_ಟೀ ಅವರೇ, ನೀವು ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಇದು ನನ್ನ ಕೈ ಮೀರಿದ ವಿದ್ಯೆ, ಇನ್ನೊಬ್ಬರ ಬಳಿ ಹೋಗು ಎಂದು ಶಿಷ್ಯರಿಗೆ ಹೇಳಲು ನನಗೆ ಇಡೀ ವೃತ್ತಿಯಲ್ಲಿ ಎರಡು ಸಲ ಮಾತ್ರ ಧೈರ್ಯ ಬಂದಿತ್ತು. ಇನ್ನೂ ನಾಲ್ಕೈದು ಸಲ ಬರಬೇಕಿತ್ತು.

ಮುಂಜಾನೆ_ಫೇರ್‌ವೇ

ಕೈಟ್ ಮತ್ತು ಕ್ರೆನ್‌ಶಾ ಬಗ್ಗೆ ಒಂದು ಮಾತು ಸೇರಿಸಬೇಕು, ಅವರ ಹೊಗಳಿಕೆಗಾಗಿ ಖಂಡಿತ ಅಲ್ಲ. ಅವರಿಬ್ಬರೂ ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಲು ಪೆನಿಕ್ ಬಿಡುತ್ತಿರಲಿಲ್ಲ.

ಕ್ರೆನ್‌ಶಾ ಚಿಕ್ಕವನಿದ್ದಾಗ ತಂದೆ ಕರೆತಂದಿದ್ದರು. ಪೆನಿಕ್ ಅವನ ಅಳತೆಗೆ ಒಂದು ಕ್ಲಬ್ ತುಂಡು ಮಾಡಿಕೊಟ್ಟು, ಎದುರಿನ ಗ್ರೀನ್‌ಗೆ ಹೊಡೆಯಲು ಹೇಳಿದರು. ಹುಡುಗ ಹೊಡೆದ, ಚೆಂಡು ಗ್ರೀನ್ ಮೇಲೆ ಕೂತಿತು. ಸರಿ, ಈಗ ಹೋಗಿ ಪಟ್ ಮಾಡಿ ಕುಳಿಗೆ ಹಾಕೋಣ ಎಂದರೆ, ಕುಳಿಗೇ ಹಾಕಬೇಕಿತ್ತು ಅಂದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದನಂತೆ! ಅಂಥ ಹುಡುಗನಿಗೆ ಹೆಚ್ಚು ಹೇಳಿದರೆ ಕೆಡುತ್ತಾನೆ. ಅತಿಯಾಗಿ ಅಭ್ಯಾಸ ಮಾಡಿ ಎಲ್ಲಿ ತಪ್ಪು ಕಲಿತುಬಿಡುತ್ತಾನೋ ಎಂದು ಪೆನಿಕ್ ಹೆದರುತ್ತಿದ್ದರು. ಕೈಟ್ ಬೇರೆ ಥರ. ಬೆವರು ಸುರಿಸಿ, ಕತ್ತಲಾಗುವವರೆಗೆ ಹೊಡೆದು ಹೊಡೆದು ಕಲಿಯುವವರು. ಅವರಿಗೆ ಕೆಲಸ ಕೊಡಬೇಕು, ಕೊಟ್ಟಷ್ಟೂ ಬೇಕು.

ಒಬ್ಬನ ಔಷಧಿ ಇನ್ನೊಬ್ಬನ ಕಿವಿಗೆ ಬೀಳಬಾರದು. ಇದನ್ನು ಓದಿ ಎಷ್ಟೋ ವರ್ಷವಾಗಿದೆ, ಆದರೂ ನಾನು ಇವತ್ತಿಗೂ ಎಂಟು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬನಿಗೆ ಹೇಳಿದ್ದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತೇನೆ. ಆ ಹುಡುಗಿಯ ಪಕ್ಕದಲ್ಲಿ ನಿಂತಿದ್ದ ಅವಳ ಅಣ್ಣನೂ ಆವತ್ತು ಗ್ರಿಪ್ ಬದಲಿಸಿಕೊಂಡಿದ್ದ, ನಾನು ಅವನಿಗೆ ಏನೂ ಹೇಳಿರಲಿಲ್ಲ.

ಹೊಸ_ಆಟಗಾರ್ತಿ

ಅವರ ಬಗ್ಗೆ ಓದುವಾಗಲೆಲ್ಲ "ಟೇಕ್ ಡೆಡ್ ಏಮ್" ಎಂಬ ಮಾತು ಕಾಣುತ್ತದೆ. ಕನ್ನಡದಲ್ಲಿ ಏನೆನ್ನಬಹುದು?

ಹಳೆ_ಕ್ಯಾಡಿ

ದ್ರೋಣಾಚಾರ್ಯರು ಕೇಳಿದಾಗ ಅರ್ಜುನ ಹೇಳ್ತಾನಲ್ಲ, ಮರ ಕಾಣ್ತಿಲ್ಲ, ಕೊಂಬೆ ಕಾಣ್ತಿಲ್ಲ, ಹಕ್ಕಿಯ ಕಣ್ಣು ಮಾತ್ರ ಕಾಣ್ತಿದೆ ಅಂತ. ಅದೇ.

ಕೆಂಪು_ಟೀ

ಅರ್ಥ ಸರಿ ಅಣ್ಣಾ, ಆದರೆ ಗುರುವಿನ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಬೆರಳು ಕೇಳಿದ ಗುರು ಎಲ್ಲಿ, ಎರಡನೇ ಪಾಠಕ್ಕೆ ಕಾಸು ಬೇಡ ಎಂದ ಮೇಷ್ಟ್ರು ಎಲ್ಲಿ.

ಏಳನೇ_ಐರನ್

ಹೊಸ_ಆಟಗಾರ್ತಿ ಅವರಿಗೆ: "ಕಣ್ಣು ನೆಟ್ಟು ಹೊಡಿ" ಎಂದರೆ ಹತ್ತಿರ ಬರುತ್ತದೆ ಅನಿಸುತ್ತದೆ. ಚೆಂಡಿನ ಮುಂದೆ ನಿಂತ ಮೇಲೆ ಮೊಣಕೈ, ಸೊಂಟ, ಸ್ಕೋರು ಯಾವುದೂ ತಲೆಯಲ್ಲಿರಬಾರದು. ಚೆಂಡು ಹೋಗಿ ಬೀಳಬೇಕಾದ ಜಾಗವೊಂದೇ ಇರಬೇಕು. ತಿದ್ದುಪಡಿಗೆ ಅಭ್ಯಾಸದ ಮೈದಾನವಿದೆ. ಆಟದಲ್ಲಿ ಗುರಿ ಬಿಟ್ಟು ಬೇರೇನಿಲ್ಲ.

ಹಳೆ_ಕ್ಯಾಡಿ

1995ರ ಮಾಸ್ಟರ್ಸ್ (ಅಗಸ್ಟಾದಲ್ಲಿ ನಡೆಯೋ ದೊಡ್ಡ ಟೂರ್ನಮೆಂಟ್) ಬಗ್ಗೆ ಯಾರೂ ಬರೆದಿಲ್ಲ. ನಾನೇ ಬರೀತೀನಿ. ಉದ್ದ ಆದರೂ ಓದಿ.

ಆಗ ಪೆನಿಕ್ ಹಾಸಿಗೆ ಹಿಡಿದಿದ್ದರು. ಅದಕ್ಕೆ ಮುಂಚೆಯೂ ಬೆನ್ನುನೋವು, ಗಾಲ್ಫ್ ಕಾರ್ಟ್‌ನಲ್ಲೇ ಕೂತು ಪಾಠ ಹೇಳ್ತಿದ್ದರು. ಮಾರ್ಚ್ ಕೊನೆಗೆ ಕ್ರೆನ್‌ಶಾ ನೋಡೋಕೆ ಬಂದರು. ಪಟರ್ ತಗೊಂಡು ಬಾ, ಹೇಗೆ ಮಾಡ್ತಿದ್ದೀಯ ತೋರಿಸು ಅಂದರು ಮೇಷ್ಟ್ರು. ಮಲಗಿದ ಕೋಣೆಯಲ್ಲೇ, ಕಾರ್ಪೆಟ್ ಮೇಲೆ. ಹೊಡೆಯೋಕೆ ಮುಂಚೆ ಎರಡು ಅಭ್ಯಾಸದ ಬೀಸು ಬೀಸು, ನಿನ್ನ ಮೇಲೆ ನೀನು ಭರವಸೆ ಇಡು, ಇಷ್ಟೇ. ಹೊಸದೇನೂ ಹೇಳಲಿಲ್ಲ. ನಲವತ್ತಮೂರು ವರ್ಷದ ಶಿಷ್ಯ, 1984ರಲ್ಲೇ ಮಾಸ್ಟರ್ಸ್ ಗೆದ್ದವರು, ಪಟ್ಟಿಂಗ್‌ನಲ್ಲಿ ಇಡೀ ಜಗತ್ತೇ ಮೆಚ್ಚಿದ ಕೈ. ಅವರಿಗೆ ಮೇಷ್ಟ್ರು ಕೊಟ್ಟ ಕೊನೇ ಪಾಠ ಇದು.

ಏಪ್ರಿಲ್ 2, ಭಾನುವಾರ ಪೆನಿಕ್ ಹೋಗಿಬಿಟ್ಟರು. ಅದೇ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಡೇವಿಸ್ ಲವ್ ಗೆದ್ದು ಮಾಸ್ಟರ್ಸ್‌ಗೆ ಅರ್ಹತೆ ಪಡೆದರು. ಈ ಲವ್ ಅವರ ತಂದೆ, ಅವರ ಹೆಸರೂ ಡೇವಿಸ್ ಲವ್ ಅಂತಾನೇ, ಪೆನಿಕ್ ಬಳಿ ಕಾಲೇಜಿನಲ್ಲಿ ಕಲಿತು ತಾವೂ ದೊಡ್ಡ ಕೋಚ್ ಆದವರು. 1988ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಬುಧವಾರ ಅಂತ್ಯಸಂಸ್ಕಾರ. ಮಾಸ್ಟರ್ಸ್ ಶುರುವಾಗೋಕೆ ಒಂದು ದಿನ ಇದೆ ಅನ್ನುವಾಗ ಕ್ರೆನ್‌ಶಾ, ಕೈಟ್ ಇಬ್ಬರೂ ಅಗಸ್ಟಾದಿಂದ ಆಸ್ಟಿನ್‌ಗೆ ಹಾರಿ, ಮೇಷ್ಟ್ರ ಶವಪೆಟ್ಟಿಗೆಗೆ ಹೆಗಲು ಕೊಟ್ಟು, ಅದೇ ದಿನ ವಾಪಸ್ ಬಂದರು. ಎಂಟನೇ ವಯಸ್ಸಿನಲ್ಲಿ ಬೇರೆಯವರ ಬ್ಯಾಗ್ ಹೊತ್ತವರನ್ನು ಕೊನೆಗೆ ಇವರು ಹೊತ್ತರು.

ಇಲ್ಲಿ ನಮ್ಮ ಕ್ಯಾಡಿಯೊಬ್ಬರ ಪಾತ್ರ ಇದೆ. ಕಾರ್ಲ್ ಜ್ಯಾಕ್ಸನ್. ಅಗಸ್ಟಾದಲ್ಲಿ 1976ರಿಂದ ಕ್ರೆನ್‌ಶಾ ಬ್ಯಾಗ್ ಹೊತ್ತವರು. ಆ ವಾರ ಅಭ್ಯಾಸದಲ್ಲಿ ನೋಡಿ, ಚೆಂಡನ್ನು ನಿಲುವಿನಲ್ಲಿ ಸ್ವಲ್ಪ ಹಿಂದಕ್ಕೆ ಇಟ್ಟುಕೊಳ್ಳಿ, ಭುಜ ಸ್ವಲ್ಪ ಬಿಗಿಯಾಗಿ ತಿರುಗಿಸಿ ಅಂದರು. ಅಷ್ಟೇ. ನಾಲ್ಕೇ ಹೊಡೆತದಲ್ಲಿ ಕ್ರೆನ್‌ಶಾಗೆ ಕೈ ಕೂಡಿತು. ಪೆನಿಕ್ ಇದ್ದಿದ್ದರೆ ಅವರೂ ಇದಕ್ಕಿಂತ ಹೆಚ್ಚು ಹೇಳ್ತಿರಲಿಲ್ಲ.

ಕ್ರೆನ್‌ಶಾ ನಾಲ್ಕು ದಿನದ ಹೊಡೆತ 70, 67, 69, 68. ಒಟ್ಟು 274. ಕೊನೇ ದಿನ ಡೇವಿಸ್ ಲವ್ 66 ಹೊಡೆದು 275ಕ್ಕೆ ಮುಗಿಸಿದ್ದರು. ಕ್ರೆನ್‌ಶಾ ಹದಿನಾರನೇ ಹೋಲ್‌ನಲ್ಲಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ), ಹದಿನೇಳರಲ್ಲಿ ಬರ್ಡಿ. ಹದಿನೆಂಟರಲ್ಲಿ ಬೋಗಿ (ಒಂದು ಹೊಡೆತ ಹೆಚ್ಚು) ಆದರೂ ಒಂದು ಹೊಡೆತ ಉಳೀತು. 72 ಹೋಲ್‌ಗಳಲ್ಲಿ ಒಂದು ಕಡೆಯೂ ಮೂರು ಪಟ್ ಆಗಲಿಲ್ಲ, ಆ ಜಾರೋ ಗ್ರೀನ್‌ಗಳ ಮೇಲೆ. ಕೊನೇ ಚೆಂಡು ಕುಳಿಗೆ ಬಿದ್ದಾಗ ಕ್ರೆನ್‌ಶಾ ಸೊಂಟ ಬಗ್ಗಿಸಿ, ಮುಖ ಮುಚ್ಚಿ ಅತ್ತುಬಿಟ್ಟರು. ಜ್ಯಾಕ್ಸನ್ ಬಂದು ಅವರನ್ನು ಹಿಡ್ಕೊಂಡರು. ಆ ಚಿತ್ರ ನೀವೆಲ್ಲ ನೋಡಿರ್ತೀರ. ತನ್ನ ಬ್ಯಾಗಿನಲ್ಲಿ ಹದಿನೈದನೇ ಕ್ಲಬ್ ಇತ್ತು, ಅದು ಹಾರ್ವಿ ಅಂತ ಕ್ರೆನ್‌ಶಾ ಆಮೇಲೆ ಹೇಳಿದರು. ನಿಯಮದ ಪ್ರಕಾರ ಹದಿನಾಲ್ಕಕ್ಕಿಂತ ಹೆಚ್ಚು ಇರೋ ಹಾಗಿಲ್ಲ.

ಲವ್ ಬಗ್ಗೆ ಯೋಚಿಸಿದರೆ ನನಗೆ ಇನ್ನೂ ಸಂಕಟ ಆಗ್ತದೆ. ಅಪ್ಪನ ಮೇಷ್ಟ್ರು ಹೋದ ವಾರ, ಆ ಮೇಷ್ಟ್ರ ಇನ್ನೊಬ್ಬ ಶಿಷ್ಯನಿಗೆ ಒಂದೇ ಹೊಡೆತದಲ್ಲಿ ಸೋತರು.

ಹೊಸ_ಆಟಗಾರ್ತಿ

ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇದನ್ನು ಓದಿದೆ. ಇಳಿಯುವ ನಿಲ್ದಾಣ ದಾಟಿಹೋಯಿತು.

ಬಂಕರ್_ಬದಿ

ಕ್ಯಾಡಿ ಅಣ್ಣಾ, ಬಹಳ ಚೆನ್ನಾಗಿ ಬರೆದಿದ್ದೀರಿ. ನನ್ನ ಮನಸ್ಸಿನಲ್ಲಿ ಉಳಿಯುವುದು ಹಾಸಿಗೆಯಲ್ಲಿ ಮಲಗಿದವರು ಹೊಸದೇನನ್ನೂ ಹೇಳಲಿಲ್ಲ ಎಂಬುದು. ಸಾಯುವ ಹೊತ್ತಿನಲ್ಲಿ ಪ್ರೀತಿಯ ಶಿಷ್ಯ ಎದುರಿಗಿದ್ದಾಗ ಅರವತ್ತು ವರ್ಷದ ತಿಳಿವಳಿಕೆಯನ್ನೆಲ್ಲ ಸುರಿಯಬೇಕು ಅನಿಸುವುದು ಸಹಜ. ಅವರು ಸುರಿಯಲಿಲ್ಲ.

ಕೈಟ್ ಬಗ್ಗೆಯೂ ಒಂದು ಸಂಗತಿ. 1992ರಲ್ಲಿ ಪೆಬಲ್ ಬೀಚ್‌ನ ಆ ಭಯಂಕರ ಗಾಳಿಯಲ್ಲಿ ಯುಎಸ್ ಓಪನ್ ಗೆದ್ದರಲ್ಲ, ಏಳನೇ ಹೋಲ್‌ನಲ್ಲಿ ಗ್ರೀನ್ ಹೊರಗಿನಿಂದ ಚಿಪ್ ಮಾಡಿದ ಚೆಂಡು ನೇರ ಕುಳಿಗೆ ಬಿತ್ತು. ಕುಳಿಯ ಪಕ್ಕದಿಂದ ಕಲಿಸಲು ಶುರು ಮಾಡುವ ಮೇಷ್ಟ್ರ ಶಿಷ್ಯ ಎಂದು ಈಗ ಅರ್ಥವಾಗುತ್ತಿದೆ. ಆ ಟ್ರೋಫಿಯನ್ನು ಅವರು ಆಸ್ಟಿನ್‌ಗೆ ಒಯ್ದು ಮೇಷ್ಟ್ರ ಕೈಯಲ್ಲಿಟ್ಟರು.

ಗಣಿತದ_ಮೇಷ್ಟ್ರು

ಮುಂಜಾನೆ_ಫೇರ್‌ವೇ ಅವರೇ, ಆ ಹುಡುಗಿ ಮತ್ತೆ ಬಂದಳೇ? ಮೊದಲ ದಿನದಿಂದ ಅದನ್ನೇ ಕೇಳಬೇಕು ಅಂದುಕೊಂಡಿದ್ದೆ.

ಮುಂಜಾನೆ_ಫೇರ್‌ವೇ

ಬಂದಳು ಮೇಷ್ಟ್ರೇ. ನಿನ್ನೆ ಸಂಜೆ. ಅವಳ ಅಣ್ಣನಿಗೆ ಬೇರೆ ಹೊತ್ತು ಗೊತ್ತು ಮಾಡಿದ್ದೇನೆ.

ಮೊದಲು ಕ್ಷಮೆ ಕೇಳಿದೆ. ಹೋದ ವಾರ ನಾನು ಬಹಳ ಮಾತಾಡಿಬಿಟ್ಟೆ, ಅದನ್ನೆಲ್ಲ ಮರೆತುಬಿಡು ಎಂದೆ. ಅವಳು ನನ್ನ ಮುಖ ನೋಡಿ, ಎಲ್ಲಾನಾ ಎಂದಳು. ಎಲ್ಲಾ ಎಂದೆ. ಆಮೇಲೆ ನೆಲಕ್ಕೆ ಒಂದು ಟೀ ಚುಚ್ಚಿ, ಚೆಂಡು ಇಡದೆ, ಇದನ್ನು ಸವರಿ ಹಾರಿಸು ಎಂದೆ. ಮೊದಲ ಮೂರು ಸಲ ತಪ್ಪಿತು. ನಾನು ಬಾಯಿ ಬಿಡಲಿಲ್ಲ. ನಾಲ್ಕನೆಯದಕ್ಕೆ ಟೀ ಹಾರಿ ಹೋಗಿ ಹುಲ್ಲಿನಲ್ಲಿ ಬಿತ್ತು, ಅವಳೇ ಓಡಿಹೋಗಿ ತಂದಳು. ಇಪ್ಪತ್ತು ನಿಮಿಷ ಅದೇ ನಡೆಯಿತು. ಕೊನೆಯಲ್ಲಿ ಗ್ರೀನ್ ಪಕ್ಕ ಒಂದೇ ಒಂದು ಚೆಂಡು ಇಟ್ಟು ಚಿಪ್ ಮಾಡಿ ಮುಗಿಸು ಎಂದೆ. ಚಿಪ್, ಎರಡು ಪಟ್, ಕುಳಿಯ ಸದ್ದು.

ಏಳನೇ_ಐರನ್

ಬಲ ಮೊಣಕೈ ಸರ್? ಅದು ಇನ್ನೂ ಹೊರಗೆ ಹೋಗುತ್ತಿದೆಯಾ?

ಮುಂಜಾನೆ_ಫೇರ್‌ವೇ

ಹೋಗುತ್ತಿದೆ. ಹೇಳಿಲ್ಲ. ಟೀ ಹಾರುತ್ತಿದೆ, ಸದ್ಯಕ್ಕೆ ಇರಲಿ.